ಗೋಡೆಯೊಳಗಿನ ವಾಲ್‌ಫ್ರಿಡ್

ನಮ್ಮ ದ್ವೀಪದಲ್ಲಿ ಹಡಗು ಕಟ್ಟುವವನು ಸತ್ತರೆ ಅವನನ್ನು ಎರಡು ಕಡೆ ಹೂಳುತ್ತಾರೆ. ದೇಹವನ್ನು ಚರ್ಚಿನ ಹಿತ್ತಲಲ್ಲಿ, ಪಾದ್ರಿಯ ಸಮ್ಮುಖದಲ್ಲಿ. ಅವನ ಯಾವುದಾದರೂ ಒಂದು ವಸ್ತುವನ್ನು ಅವನು ಅರ್ಧಕ್ಕೆ ಬಿಟ್ಟುಹೋದ ಹಡಗಿನಲ್ಲಿ, ಪಾದ್ರಿಗೆ ಗೊತ್ತಿಲ್ಲದಂತೆ. ಹಾಗೆ ಮಾಡದಿದ್ದರೆ ಹಡಗು ತನ್ನನ್ನು ಕಟ್ಟಿದವನನ್ನು ಹುಡುಕುತ್ತ ಅಲೆಯುತ್ತದಂತೆ. ಇದನ್ನು ನಂಬುತ್ತೇನೆಂದು ಯಾರೂ ಒಪ್ಪಿಕೊಳ್ಳುವುದಿಲ್ಲ. ಕೇಳಿದರೆ "ಅದೆಲ್ಲಾ ಅಜ್ಜಂದಿರ ಕಾಲದ್ದು" ಅನ್ನುತ್ತಾರೆ, ಆಮೇಲೆ ಹೋಗಿ ಮಾಡುತ್ತಾರೆ. ಪಾದ್ರಿಗೂ ಗೊತ್ತು.

ಮರದ ಹಡಗಿನ ಕಾಲದಲ್ಲಿ ಇದರಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ. ಹಾಯಿಕಂಬದ ಬುಡದಲ್ಲಿ ಓಕ್ ಮರದ ದಪ್ಪ ತೊಲೆ ಇರುತ್ತಿತ್ತು. ಅದರಲ್ಲಿ ಉಳಿಯಿಂದ ಕುಳಿ ತೋಡಿ ಉಂಗುರವನ್ನೋ ಕೋಟಿನ ಗುಂಡಿಯನ್ನೋ ಇಡುತ್ತಿದ್ದರು. ಒಮ್ಮೆ ಒಬ್ಬನ ಕಟ್ಟಿಸಿದ ಹಲ್ಲಿನ ಸೆಟ್ಟನ್ನೇ ಇಟ್ಟು ಮುಚ್ಚಿದರು. ಅಷ್ಟು ದೊಡ್ಡ ತೊಲೆಗೆ ಒಂದು ಬಾಯಿ ಹಲ್ಲು ಯಾವ ಲೆಕ್ಕ? ಆಮೇಲೆ ನೌಕಾಪಡೆಯವರು ಬಂದು ಮರ ಸಾಕು, ಇನ್ನು ಪ್ಲಾಸ್ಟಿಕ್ ಎಂದರು.

ಅವರಿಗೆ ಬೇಕಾಗಿದ್ದದ್ದು ಮೈನ್, ಅಂದರೆ ನೀರೊಳಗಿನ ಸಿಡಿಗುಂಡು, ಹುಡುಕುವ ಹಡಗು; ಅದರಲ್ಲಿ ಕಬ್ಬಿಣ ಇರಕೂಡದು. ಬಾಲ್ಟಿಕ್ ಸಮುದ್ರದ ತಳದಲ್ಲಿ ಎರಡು ಯುದ್ಧಗಳ ಮೈನುಗಳು ಮಲಗಿವೆ. ಕಬ್ಬಿಣ ಹತ್ತಿರ ಬಂದರೆ ಅವಕ್ಕೆ ಎಚ್ಚರವಾಗುತ್ತದೆ. ಆದ್ದರಿಂದ ಹೊಸ ಹಡಗಿನ ಮೈಯೆಲ್ಲ ಸ್ಯಾಂಡ್‌ವಿಚ್: ರಾಳದಲ್ಲಿ ಅದ್ದಿದ ಗಾಜಿನ ನಾರಿನ ಪದರ ಹೊರಗೊಂದು, ಒಳಗೊಂದು, ನಡುವೆ ಅಂಗೈ ಅಗಲದಷ್ಟು ದಪ್ಪ ಹಳದಿ ಫೋಮು. ಮರದ ಕೆಲಸದವರು ಅದಕ್ಕೆ ಮೊದಲ ದಿನವೇ ಸೋಪ್ ಡಬ್ಬಿ ಎಂದು ಹೆಸರಿಟ್ಟರು. ನೌಕಾಪಡೆ ಇಟ್ಟ ಹೆಸರು ಆಮೇಲೆ ಬಂತು, ಆ ಹೆಸರಿನಿಂದ ಯಾರೂ ಕರೆಯಲಿಲ್ಲ.

ಎಂಜಿನಿಯರ್ ಬ್ರೋಮಾನ್ ಒಂದು ಬೆಳಿಗ್ಗೆ ಕಾಫಿ ಕೋಣೆಯಲ್ಲಿ ಎರಡು ಗರಿಗರಿ ರೊಟ್ಟಿಗಳ ನಡುವೆ ದಪ್ಪಗೆ ಚೀಸ್ ಇಟ್ಟು ಎಲ್ಲರಿಗೂ ತೋರಿಸಿದ. ಅವನು ಸಂಕೋಚದ ಮನುಷ್ಯ. ಸಂಕೋಚದವರು ಪಾಠ ಹೇಳುವಾಗ ಅಗತ್ಯಕ್ಕಿಂತ ಜೋರಾಗಿ ಮಾತಾಡುತ್ತಾರೆ.

"ನೀರೊಳಗೆ ಬಾಂಬ್ ಸಿಡೀತು ಅನ್ಕೊಳ್ಳಿ. ಉಕ್ಕಿನ ಹಡಗಾದ್ರೆ ತಗ್ಗು ಬೀಳುತ್ತೆ, ತಗ್ಗು ಹಾಗೇ ಉಳಿಯುತ್ತೆ. ಇದು ಬಾಗುತ್ತೆ. ನಡುವಿನ ಫೋಮು ಏಟು ನುಂಗಿ ಮತ್ತೆ ವಾಪಸ್ ಬರುತ್ತೆ. ನಾವು ಮಾಡ್ಬೇಕಾದ್ದು ಒಂದೇ, ಅದನ್ನ ಬಾಗಕ್ಕೆ ಬಿಡ್ಬೇಕು. ಅಡ್ಡ ಹೋಗ್ಬಾರ್ದು."

"ನಮ್ಮತ್ತೆ ಥರಾನೇ" ಎಂದ ಟೋರ್ಕೆಲ್, ಪಾಠವನ್ನು ಕೈಗೆತ್ತಿಕೊಂಡು ತಿಂದುಬಿಟ್ಟ.

ಟೋರ್ಕೆಲ್ ಯಾರೆಂದು ಹೇಳಬೇಕು. ಕೆಂಪು ಉಣ್ಣೆಯ ಟೋಪಿ ಹಾಕುತ್ತಿದ್ದ ಐವತ್ತರ ಮನುಷ್ಯ, ಮದುವೆ ಇಲ್ಲ (ಅತ್ತೆ ಎಲ್ಲಿಂದ ಬಂದಳೋ ನಾವ್ಯಾರೂ ಕೇಳಲಿಲ್ಲ), ಕಾರ್ಮಿಕ ಸಂಘದ ಸುರಕ್ಷತಾ ಪ್ರತಿನಿಧಿ. ಕೆಲಸ ಅಪಾಯವೆನಿಸಿದರೆ ಒಂದು ಮಾತಿನಿಂದ ಅದನ್ನು ನಿಲ್ಲಿಸುವ ಅಧಿಕಾರ ಪ್ರತಿನಿಧಿಗೆ ಇದೆ, ಕಾನೂನೇ ಇದೆ. ಒಮ್ಮೆ ರಾಳದ ಹೊಗೆ ಎಳೆಯುವ ಫ್ಯಾನು ತಿರುಗಲಿಲ್ಲವೆಂದು ಅವನು ಇಡೀ ಶೆಡ್ಡನ್ನು ಮನೆಗೆ ಕಳಿಸಿದ್ದ. ಆ ದಿನ ಬಂಗಡೆ ಮೀನು ಚೆನ್ನಾಗಿ ಬೀಳುತ್ತಿತ್ತು ಎನ್ನುವುದು ಬೇರೆ ಮಾತು.

ಅವನ ಅಕ್ಕ ಡಾಗ್ನಿ ಪದರ ಹಾಕುವ ಶೆಡ್ಡಿನ ಮುಖ್ಯಸ್ಥೆ. ಅವಳ ಗಂಡ ವಾಲ್‌ಫ್ರಿಡ್ ದ್ವೀಪದ ಕೊನೆಯ ಮರದ ಮೇಸ್ತ್ರಿ. ಅವರ ಮನೆಯ ಅಟ್ಟದ ಕೋಣೆಯಲ್ಲಿ ಬಾಡಿಗೆಗೆ ಇದ್ದವನು ನಾನು. ರಾಜಧಾನಿಯ ಸಂಶೋಧನಾ ಕೇಂದ್ರದಿಂದ ಹಡಗಿನ ಗೋಡೆಗಳಿಗೆ ಅಳತೆಯ ತಂತಿ ಅಂಟಿಸಲು ಒಂದು ಚಳಿಗಾಲಕ್ಕೆಂದು ಬಂದವನು, ವಾಪಸ್ ಹೋಗುವುದನ್ನು ಮರೆತಿದ್ದೆ.

ವಾಲ್‌ಫ್ರಿಡ್ ಫೆಬ್ರವರಿಯಲ್ಲಿ ಸತ್ತ. ಹಡಗಿನ ಮೂತಿಯ ಹತ್ತಿರ, ಬಲಬದಿಯ ಕೆಳಗೋಡೆಯಲ್ಲಿ ಫೋಮಿನ ತುಂಡು ಜೋಡಿಸುತ್ತಿದ್ದವನು ಹಾಗೆಯೇ ಮಂಡಿಯೂರಿ ಕೂತ. ಡಾಗ್ನಿ ಎರಡು ಗಜ ಆಚೆ ರಾಳ ಸವರುತ್ತಿದ್ದಳು. ಆಂಬುಲೆನ್ಸಿನ ದೋಣಿ ಬರುವವರೆಗೆ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಅವನನ್ನು ಎತ್ತಿಕೊಂಡು ಹೋದಮೇಲೆ ವಾಪಸ್ ಬಂದು ಸವರುತ್ತಿದ್ದ ಪಟ್ಟಿಯನ್ನು ಮುಗಿಸಿದಳು. ರಾಳ ಗಟ್ಟಿಯಾಗುವುದಕ್ಕೆ ಯಾರ ಸಾವೂ ಅಡ್ಡಿಯಲ್ಲ. ಊರಿನವರು ಇದನ್ನು ಮೆಚ್ಚುಗೆಯಿಂದ ಹೇಳುತ್ತಿದ್ದರು. ನನಗೆ ಅದನ್ನು ಕೇಳಿದಾಗಲೆಲ್ಲ ಚಳಿಯಾಗುತ್ತಿತ್ತು.

ಮಣ್ಣಾದ ಮಾರನೆಯ ದಿನ ಅಕ್ಕ ತಮ್ಮ ಇಬ್ಬರೂ ಎರಡನೆಯ ಹೂಳುವಿಕೆಗೆ ಹೋದರು. ವಸ್ತು ಯಾವುದೆಂಬ ಬಗ್ಗೆ ಚರ್ಚೆಯೇ ಇರಲಿಲ್ಲ. ವಾಲ್‌ಫ್ರಿಡ್ ನಿದ್ದೆಯಲ್ಲೂ ಮೇಲ್ತುಟಿಯೊಳಗೆ ಸ್ನೂಸ್ ಒತ್ತಿಕೊಂಡಿರುತ್ತಿದ್ದ. ಒದ್ದೆ ಹೊಗೆಸೊಪ್ಪಿನ ಆ ಪುಡಿಯ ದುಂಡು ಡಬ್ಬಿ ಅವನ ಪ್ಯಾಂಟಿನ ಜೇಬುಗಳಲ್ಲೆಲ್ಲ ತನ್ನ ಗುರುತು ಬಿಟ್ಟಿತ್ತು. ಡಬ್ಬಿ ಹಿತ್ತಾಳೆಯದು. ಟೋರ್ಕೆಲ್ ಅದಕ್ಕೆ ಆಯಸ್ಕಾಂತ ಹಿಡಿದು ನೋಡಿದ. ಅಷ್ಟು ಸಾಲದೆಂದು ಅಳತೆಯ ಕೋಣೆಯ ಯಂತ್ರದಲ್ಲೂ ಇಟ್ಟು ನೋಡಿದ. ಮುಳ್ಳು ಅಲುಗಲಿಲ್ಲ.

"ಮೈನು ಮೂಸಿ ಕೂಡಾ ನೋಡಲ್ಲ" ಅಂದ. "ಭಾವನಿಗೆ ಭಾರೀ ಒಳ್ಳೇ ಜಾಗ."

ಅವನು ಕೂತು ಸತ್ತಿದ್ದ ಜಾಗದಲ್ಲೇ ಫೋಮಿನಲ್ಲಿ ಬಟ್ಟಲಿನಂಥ ಕುಳಿ ಕೊರೆದರು, ಡಬ್ಬಿ ಇಟ್ಟರು, ಮೇಲೆ ಫೋಮಿನ ಬಿಲ್ಲೆ ಮುಚ್ಚಿ ಪುಟ್ಟಿ ತುಂಬಿ ಉಜ್ಜಿದರು. ಸಂಜೆಯ ಹೊತ್ತಿಗೆ ಡಾಗ್ನಿ ತನ್ನ ಕೈಯಾರೆ ಒಳಪದರ ಹಾಕಿದಳು. ಅಷ್ಟು ನಯವಾದ ಪದರ ಇಡೀ ಹಡಗಿನಲ್ಲಿ ಬೇರೆಲ್ಲೂ ಇರಲಿಲ್ಲ. ಕಬ್ಬಿಣದ ವಿಷಯದಲ್ಲಿ ಅವರು ಯೋಚಿಸಬಹುದಾದದ್ದನ್ನೆಲ್ಲ ಯೋಚಿಸಿದ್ದರು. ಡಬ್ಬಿ ಟೊಳ್ಳೆಂಬುದೊಂದು ಹೊಳೆದಿರಲಿಲ್ಲ. ಓಕ್ ಮರದೊಳಗೆ ಟೊಳ್ಳಿದ್ದರೆ ಹಕ್ಕಿ ಗೂಡು ಕಟ್ಟುತ್ತದೆ, ಅಷ್ಟೇ. ಅವರ ತಿಳಿವಳಿಕೆ ಬಂದದ್ದು ಅಲ್ಲಿಂದ.

ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ, ಡಾಗ್ನಿಯ ಬಾಯಿಂದಲೇ.

ಜೂನ್‌ನಲ್ಲಿ ಪರೀಕ್ಷೆಗೆ ಹೊರಟೆವು. ಪರೀಕ್ಷೆ ಸರಳ: ಹಡಗನ್ನು ಆಳದ ನೀರಿನಲ್ಲಿ ನಿಲ್ಲಿಸಿ, ದೂರದಲ್ಲಿ ಸಿಡಿಮದ್ದು ಇಳಿಸಿ ಸಿಡಿಸುವುದು. ಮಾರನೆಯ ದಿನ ಇನ್ನಷ್ಟು ಹತ್ತಿರ. ಅದರ ಮಾರನೆಯ ದಿನ ಇನ್ನೂ ಹತ್ತಿರ. ಹಡಗಿನಲ್ಲಿ ಜನ ಇರಬೇಕು, ಏಕೆಂದರೆ ಯುದ್ಧದಲ್ಲೂ ಇರುತ್ತಾರೆ. ಕಟ್ಟಿದವರೂ ಇರಬೇಕು, ಇದು ನಮ್ಮ ಹಡಗುಕಟ್ಟೆಯ ಹಳೆಯ ರೂಢಿ, ನೌಕಾಪಡೆಯವರಿಗೂ ಹಿಡಿಸುತ್ತದೆ. ಅಡುಗೆ ಮಾಡಿದವರು ಪಂಕ್ತಿಯಲ್ಲಿ ಕೂತು ಉಂಡರೆ ಅತಿಥಿಗೆ ಧೈರ್ಯ.

ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಮೂತಿಯ ಉಗ್ರಾಣದ ಕೋಣೆ ಟೋರ್ಕೆಲ್ ಪಾಲಿಗೆ ಬಂತು. ಕೇಳಿ ತೆಗೆದುಕೊಂಡ ಎಂದು ಆಮೇಲೆ ಗೊತ್ತಾಯಿತು. "ಭಾವನ ಜೊತೆ ಇರ್ತೀನಿ" ಅಂದಿದ್ದನಂತೆ ಅಕ್ಕನಿಗೆ.

ಮೊದಲ ಸಿಡಿತಕ್ಕೆ ಕಾಫಿ ಲೋಟಗಳು ಕುಣಿದವು. ಸಿಡಿತ ಎಂದರೆ ಸದ್ದಲ್ಲ; ಯಾರೋ ಹಿಮ್ಮಡಿಗೆ ಕೆಳಗಿನಿಂದ ಸುತ್ತಿಗೆಯಲ್ಲಿ ಹೊಡೆದಂತೆ. ಅದಕ್ಕೇ ಮಂಡಿ ಸಡಿಲ ಬಿಟ್ಟು ನಿಲ್ಲಬೇಕು, ಗೋಡೆಗೆ ಒರಗಬಾರದು, ನಾಲಿಗೆ ಹಲ್ಲಿನ ಹಿಂದೆ ಇರಬೇಕು. ಅದಾದ ಮೇಲೆ ಎಲ್ಲ ಮುಗಿಯಿತೆಂದು ಉಸಿರು ಬಿಡುವ ಹೊತ್ತಿಗೆ ಎರಡನೆಯದು ಬರುತ್ತದೆ: ಸಿಡಿತದ ಅನಿಲ ನೀರೊಳಗೆ ದೊಡ್ಡ ಗುಳ್ಳೆಯಾಗಿ ಉಬ್ಬಿ, ಕುಗ್ಗಿ, ಮತ್ತೆ ಉಬ್ಬಿ ಹಡಗನ್ನು ನಡುವಿಗೆ ಹಿಡಿದು ಕೊಡವುತ್ತದೆ, ಒದ್ದೆ ಚಾಪೆ ಕೊಡವಿದ ಹಾಗೆ. ಆಮೇಲೆ ಕ್ಯಾಪ್ಟನ್ ಸ್ಪೀಕರಿನಲ್ಲಿ ಒಂದೊಂದೇ ಕೋಣೆಯ ಹೆಸರು ಕೂಗಿ ಕೇಳುತ್ತಾನೆ. ಎಲ್ಲರೂ "ಸರಿಯಿದೆ" ಅನ್ನುತ್ತಾರೆ.

"ಮೂತಿಯ ಕೋಣೆ?"

"ಕಾಫಿ ಚೆಲ್ತು" ಎಂದ ಟೋರ್ಕೆಲ್. "ಸೋಪ್ ಡಬ್ಬಿ ಚೆಲ್ಲಿಲ್ಲ."

ಕ್ಯಾಪ್ಟನ್‌ಗೆ ಇಂಥ ಉತ್ತರ ಬರೆದುಕೊಳ್ಳುವುದು ಹೇಗೆಂದು ಗೊತ್ತಾಗಲಿಲ್ಲ.

ಪ್ರತಿ ಸಿಡಿತದ ಮೇಲೂ ಡಾಗ್ನಿ ಪ್ಲಾಸ್ಟಿಕ್ ಸುತ್ತಿಗೆ ಹಿಡಿದು ಗೋಡೆ ತಟ್ಟುತ್ತ ಹೋಗುತ್ತಿದ್ದಳು. ಈ ಹಡಗಿಗೆ ಇರುವುದು ಒಂದೇ ರೋಗ, ಪದರ ಫೋಮಿನಿಂದ ಬಿಟ್ಟುಕೊಳ್ಳುವುದು. ಒಳಗೆ ಟೊಳ್ಳಿದ್ದರೆ ಅದು ಅಲ್ಲಿಂದಲೇ ಶುರುವಾಗುತ್ತದೆ. ಹೊರಗಿನಿಂದ ಏನೂ ಕಾಣಿಸುವುದಿಲ್ಲ, ಬಣ್ಣ ಕೂಡ ಬಿರಿಯುವುದಿಲ್ಲ. ತಟ್ಟಿದರೆ ಮಾತ್ರ ತಿಳಿಯುತ್ತದೆ: ಗಟ್ಟಿ ಇದ್ದಲ್ಲಿ ಟಕ್, ಬಿಟ್ಟುಕೊಂಡಲ್ಲಿ ದಬ್. ನನ್ನ ಯಂತ್ರಗಳಿಗೆ ತಂತಿ ಅಂಟಿಸಿದ ಜಾಗದ ಸುದ್ದಿಯಷ್ಟೇ ಗೊತ್ತು. ಉಳಿದದ್ದಕ್ಕೆಲ್ಲ ಅವಳ ಕಿವಿಯೇ ಗತಿ ಎಂದು ಬ್ರೋಮಾನ್‌ಗೂ ಗೊತ್ತಿತ್ತು, ಕ್ಯಾಪ್ಟನ್‌ಗೂ ಗೊತ್ತಿತ್ತು.

ಮೊದಲ ದಿನ ಎಲ್ಲ ಕಡೆ ಟಕ್. ಎರಡನೆಯ ದಿನ ಮೂತಿಯ ಕೋಣೆಯಲ್ಲಿ ಅಂಗೈಯಷ್ಟು ಜಾಗ ದಬ್ ಎಂದಿತು. ಅವಳು ಯಾರಿಗೂ ಹೇಳಲಿಲ್ಲ. ಮೂರನೆಯ ಸಿಡಿತದ ಮೇಲೆ ತಮ್ಮನನ್ನು ಕರೆದು ಕೋಣೆಯ ಬಾಗಿಲು ಹಾಕಿಸಿದಳು. ಅಲ್ಲಿ ನಡೆದ ಮಾತನ್ನು ಅವಳು ಆಮೇಲೆ ನನಗೆ ಹೇಳಿದಂತೆಯೇ ಬರೆಯುತ್ತಿದ್ದೇನೆ.

"ಕೇಳಿಸ್ತಾ?"

"ಕೇಳಿಸ್ತು."

"ಇನ್ನೊಂದ್ಸಲ ತಟ್ತೀನಿ ಇರು."

"ಬಿಡಕ್ಕ. ಎಷ್ಟು ಸಲ ತಟ್ಟಿದ್ರೂ ಭಾವ ಬಾಗಿಲು ತೆಗಿಯಲ್ಲ."

"ತಮಾಷೆ ಬೇಡ ಕಣೋ. ನಿನ್ನೆ ಅಂಗೈಯಷ್ಟಿತ್ತು. ಇವತ್ತು ನೋಡು, ಇಲ್ಲಿಂದ ಇಲ್ಲಿಗೆ. ಕಾಫಿ ಟ್ರೇ ಅಷ್ಟಾಗಿದೆ. ನಾಳೆ ಎಲ್ಲಕ್ಕಿಂತ ಹತ್ರದ್ದು."

ಟೋರ್ಕೆಲ್ ಗೋಡೆಗೆ ಕಿವಿ ಇಟ್ಟ. ಒಳಗೆ ಏನೂ ಕೇಳಿಸಲಿಲ್ಲ.

"ಹೇಳಿದ್ರೆ ಏನಾಗುತ್ತೆ?" ಅಂದ.

"ಕೊಯ್ತಾರೆ."

"ಕೊಯ್ದ್ರೆ ಡಬ್ಬಿ ಸಿಗುತ್ತೆ. ಡಬ್ಬಿ ಸಿಕ್ಕಿದ್ರೆ ಇನ್ನೆಲ್ಲೆಲ್ಲಿ ಯಾರ್ಯಾರನ್ನ ಹೂತಿದ್ದೀರಿ ಅಂತ ಇಡೀ ಹಡಗನ್ನೇ ಕೊಯ್ತಾರೆ. ಉಳಿದ ಹಡಗುಗಳನ್ನ ಬೇರೆ ಊರಲ್ಲಿ ಕಟ್ಟಿಸ್ತಾರೆ. ನಮ್ಮ ಶೆಡ್ಡಲ್ಲಿ ಬೀಟ್‌ರೂಟ್ ತುಂಬಿಡ್ಬೋದು."

"ನೀನು ಸುರಕ್ಷತಾ ಪ್ರತಿನಿಧಿ. ನೀನೇ ನಿಲ್ಸು. ಫ್ಯಾನು ತಿರುಗ್ಲಿಲ್ಲ ಅಂತ ನಿಲ್ಸಿದ್ದೆ."

"ಫ್ಯಾನಿಗಾದ್ರೆ ಕಾರಣ ಹೇಳ್ಬೋದಿತ್ತು." ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ಯೋಚ್ನೆ ಮಾಡಕ್ಕ. ಇಂಥಾ ಟೊಳ್ಳು ಇಟ್ಕೊಂಡೂ ನಾಳೆ ತಡ್ಕೊಂಡ್ರೆ ಅದಕ್ಕಿಂತ ಸಾಕ್ಷಿ ಬೇಕಾ ಅವ್ರಿಗೆ? ಹೊರಪದರ ಗಟ್ಟಿಯಾಗಿದೆ. ನೀರು ಬರಲ್ಲ."

"ನೀರಿನ ಮಾತಲ್ಲ. ನೀನು ಇಲ್ಲಿ ನಿಲ್ಬೇಡ. ಬೇರೆ ಜಾಗ ಕೇಳು."

"ಕೇಳಿ ತಗೊಂಡ ಜಾಗ. ಈಗ ಬೇಡ ಅಂದ್ರೆ ಯಾಕೆ ಅಂತಾರೆ. ಬ್ರೋಮಾನ್ ಬಂದು ತಟ್ತಾನೆ. ಅವನಿಗೂ ಕಿವಿ ಇದೆ."

ಡಾಗ್ನಿ ಗೋಡೆಗೆ ಅಂಗೈ ಒತ್ತಿದಳು. ಈ ಹಡಗಿನ ಗೋಡೆ ಹೇಗೆ ಬದುಕುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ದ್ವೀಪದಲ್ಲಿ ಬ್ರೋಮಾನ್ ಒಬ್ಬನೇ. ಆದರೆ ಅವಳು ಹುಟ್ಟಿದ್ದು ಮರದ ಹಡಗಿನವರ ಮನೆಯಲ್ಲಿ. ಹೆದರಿದಾಗ ಕೈ ತನ್ನ ಮೊದಲ ಕೆಲಸಕ್ಕೇ ವಾಪಸ್ ಹೋಗುತ್ತದೆ.

"ಹಂಗಾದ್ರೆ ಊರೆ ಕೊಡು" ಅಂದಳು.

ಹಲಗೆ ಸಡಿಲವಾದರೆ ಅದಕ್ಕೆ ಅಡ್ಡ ಹಲಗೆ ಇಟ್ಟು, ದಪ್ಪ ಮರದ ತುಂಡಿನ ಒಂದು ತುದಿ ಅದಕ್ಕೆ, ಇನ್ನೊಂದು ತುದಿ ಎದುರಿನ ಗಟ್ಟಿ ಜಾಗಕ್ಕೆ ಆನಿಸಿ, ಸಂದಿಗೆ ಬೆಣೆ ಹೊಡೆಯುವುದು. ಅವರಪ್ಪ ಬಿರುಗಾಳಿಯಲ್ಲಿ ಹಾಗೆ ಊರೆ ಕೊಟ್ಟು ಒಂದು ಹಡಗನ್ನು ಮನೆಗೆ ತಂದ ಕಥೆ ದ್ವೀಪದಲ್ಲಿ ಎಲ್ಲರಿಗೂ ಬಾಯಿಪಾಠ. ಆಪತ್ತಿಗೆಂದು ಉಗ್ರಾಣದಲ್ಲಿ ಪೈನ್ ಮರದ ತೊಲೆಗಳು ಇದ್ದೇ ಇದ್ದವು. ಇಬ್ಬರೂ ಅಳತೆ ಹಿಡಿದು ಕೊಯ್ದರು. ಒಂದು ತುದಿ ದಬ್ ಎನ್ನುವ ಗೋಡೆಗೆ, ಇನ್ನೊಂದು ಲಂಗರಿನ ಯಂತ್ರ ಕೂರಿಸಿದ್ದ ದಿಮ್ಮಿಗೆ. ಬೆಣೆಯನ್ನು ಟೋರ್ಕೆಲ್ ಹೊಡೆದ. ಮೇಲೆ ಒಂದು ಕ್ಯಾನ್ವಾಸ್ ಇಳಿಬಿಟ್ಟರು.

ಡಾಗ್ನಿ ಮತ್ತೊಮ್ಮೆ ತಟ್ಟಿದಳು. ಊರೆಯ ಬಿಗಿಗೆ ಪದರ ಫೋಮಿಗೆ ಒತ್ತಿಕೊಂಡು ಸದ್ದು ಬಹುಪಾಲು ಟಕ್ ಆಗಿತ್ತು.

"ಅಪ್ಪ ನೋಡಿದ್ರೆ ಏನಂತಿದ್ರು?" ಅಂದ ಟೋರ್ಕೆಲ್.

"ಬೆಣೆ ಇನ್ನೊಂದಿಷ್ಟು ಹೊಡಿ ಅಂತಿದ್ರು."

ಅವನು ಇನ್ನೊಂದಿಷ್ಟು ಹೊಡೆದ.

ಮಾರನೆಯ ದಿನ ಗುರುವಾರ. ಗುರುವಾರ ನೌಕಾಪಡೆಯಲ್ಲಿ ಬಟಾಣಿ ಸಾರು, ಪ್ಯಾನ್‌ಕೇಕು. ಯುದ್ಧವಾದರೂ ತಪ್ಪುವುದಿಲ್ಲ, ಪರೀಕ್ಷೆಗೆ ತಪ್ಪುತ್ತದೆಯೇ. ಊಟದ ಕೋಣೆಯಲ್ಲಿ ನಾವೆಲ್ಲ ಒತ್ತಿಕೊಂಡು ಕೂತಿದ್ದೆವು. ನಾಳೆ ನಡುಬೇಸಿಗೆಯ ಹಬ್ಬದ ಮುನ್ನಾದಿನ, ಎಲ್ಲರಿಗೂ ಮನೆಗೆ ಹೋಗುವ ಅವಸರ, ಹೊಸ ಆಲೂಗೆಡ್ಡೆ ಯಾರ ತೋಟದಲ್ಲಿ ಬಂದಿದೆ ಎಂಬ ಮಾತು. ಬ್ರೋಮಾನ್ ಚಮಚ ಕೆಳಗಿಟ್ಟು, ತನ್ನ ಜೋರು ದನಿಯಲ್ಲಿ, ಎಲ್ಲರ ಮುಂದೆ ಕೇಳಿದ.

"ಡಾಗ್ನಿ, ಪೂರ್ತಿ ತಟ್ಟಿದ್ಯಾ?"

"ತಟ್ಟಿದೆ."

"ಮೂತಿಯ ಕಡೆ?"

"ತಟ್ಟಿದೆ ಅಂದ್ನಲ್ಲ."

"ಹೇಗಿದೆ?"

ಅವಳು ಸಾಸಿವೆಯ ಬಾಟಲಿ ಎತ್ತಿ ಸಾರಿಗೆ ಸುರಿದುಕೊಂಡಳು. "ಗಟ್ಟಿಯಾಗಿದೆ" ಅಂದಳು.

"ಸರಿ ಹಾಗಾದ್ರೆ" ಎಂದ ಕ್ಯಾಪ್ಟನ್, ಆ ಒಂದು ಮಾತಿಗೇ ಕಾಯುತ್ತಿದ್ದವನಂತೆ ಎದ್ದ. ಅಷ್ಟೇ. ಬೇರೆ ದೇಶದಲ್ಲಾಗಿದ್ದರೆ ಯಾರಾದರೂ ಅವಳ ಮುಖ ನೋಡುತ್ತಿದ್ದರೇನೋ. ನಮ್ಮಲ್ಲಿ ಊಟ ಮಾಡುವವರ ಮುಖ ನೋಡುವುದು ಅಸಭ್ಯತೆ.

ಟೋರ್ಕೆಲ್ ಎರಡು ಪ್ಯಾನ್‌ಕೇಕುಗಳನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. "ಏಟಿಗೆ ಮುಂಚೆ ತಿಂದ್ರೆ ಒಳ್ಳೇದು" ಎಂದು ನನ್ನ ಭುಜ ತಟ್ಟಿದ. "ಮುಳುಗಿದ್ರೆ ವೇಸ್ಟ್ ಆಗಲ್ಲ. ನಿನ್ನ ಪಾಲು ಇದೆಯಾ? ಇಲ್ಲಿ ಕೊಡು."

ಕೊಟ್ಟೆ.

ಡಾಗ್ನಿಗೆ ಕೋಣೆ ಹಂಚಿರಲಿಲ್ಲ, ಸಿಡಿತದ ಹೊತ್ತಿಗೆ ಅವಳು ಜೊತೆಯ ದೋಣಿಗೆ ಹೋಗಬಹುದಿತ್ತು. ಹೋಗಲಿಲ್ಲ. ಊಟದ ಕೋಣೆಯಲ್ಲಿ ನನ್ನ ಯಂತ್ರಗಳ ಪಕ್ಕ ಮಂಡಿ ಸಡಿಲ ಬಿಟ್ಟು, ಕೈಗಳನ್ನು ಏಪ್ರನ್ನಿನ ಮೇಲೆ ಕಟ್ಟಿ ನಿಂತಳು. ಸ್ಪೀಕರಿನಲ್ಲಿ ಎಣಿಕೆ ಶುರುವಾದಾಗ ಅವಳ ತುಟಿ ಅಲುಗುತ್ತಿತ್ತು. ಪ್ರಾರ್ಥನೆ ಇರಬೇಕೆಂದುಕೊಂಡೆ. ಅವಳು ಹೇಳುತ್ತಿದ್ದದ್ದು "ಬೆಣೆ, ಬೆಣೆ, ಬೆಣೆ" ಎಂದು.

ಸಿಡಿಯಿತು. ಹಿಮ್ಮಡಿಯಿಂದ ಹಲ್ಲಿನವರೆಗೆ ಒಂದೇ ಏಟು. ಬಟಾಣಿ ಸಾರಿನ ಪಾತ್ರೆ ಒಲೆಯಿಂದೆದ್ದು ಗಾಳಿಯಲ್ಲಿ ನಿಂತಿತು, ನಾನು ಅದನ್ನು ನೋಡಿದೆ. ದೀಪ ಹೋಗಿ ಬಂತು. ಕಿಟಕಿಯಾಚೆ ಸಮುದ್ರ ಬೆಳ್ಳಗೆ ಗುಡ್ಡದಂತೆ ಎದ್ದಿತು. ಯಾರೋ "ಹೋ!" ಎಂದು ಕೂಗಿದರು, ಒಬ್ಬ ನಕ್ಕ. ಆಗ ಗುಳ್ಳೆ ಬಂದು ಹಡಗನ್ನು ಹಿಡಿದು ಕೊಡವಿತು. ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ, ಮತ್ತೆ ಮೇಲಕ್ಕೆ. ಇಡೀ ಹಡಗು ಬಿಲ್ಲಿನಂತೆ ಬಾಗಿ ನೆಟ್ಟಗಾಗುವುದನ್ನು ಕಾಲಿನಲ್ಲೇ ತಿಳಿಯಬಹುದಿತ್ತು. ಆಮೇಲೆ ನಿಶ್ಶಬ್ದ. ನೆಲದ ಮೇಲೆ ಸಾರು ಹರಿಯುವ ಸದ್ದು.

ಕ್ಯಾಪ್ಟನ್ ಹೆಸರು ಕೂಗಲು ಶುರುಮಾಡಿದ. ಎಂಜಿನ್ ಕೋಣೆ: ಸರಿಯಿದೆ. ಹಿಂಬದಿ: ಸರಿಯಿದೆ. ರೇಡಿಯೋ: ಸರಿಯಿದೆ.

"ಮೂತಿಯ ಕೋಣೆ?"

ನಾವೆಲ್ಲ ಜೋಕಿಗೆ ಕಾದೆವು. ಬ್ರೋಮಾನ್ ಆಗಲೇ ಅರ್ಧ ನಗುತ್ತಿದ್ದ.

"ಮೂತಿಯ ಕೋಣೆ? ಟೋರ್ಕೆಲ್?"

ಡಾಗ್ನಿ ಓಡಲಿಲ್ಲ. ನಡೆದುಹೋದಳು, ಚೆಲ್ಲಿದ ಸಾರಿನ ಮೇಲೆ ಜಾರದಂತೆ ಕಾಲಿಡುತ್ತ. ನಾನೂ ಬ್ರೋಮಾನನೂ ಅವಳ ಹಿಂದೆ ಹೋದೆವು.

ನೀರು ಒಂದು ಹನಿ ಬಂದಿರಲಿಲ್ಲ. ಮೊದಲು ಕಣ್ಣಿಗೆ ಬಿದ್ದದ್ದು ಅದೇ, ಒಣಗಿದ ನೆಲ. ಒಳಪದರ ಊಟದ ಮೇಜಿನಷ್ಟು ಅಗಲ ಕಿತ್ತು ಬಾಗಿಲಿನಂತೆ ಜೋತಾಡುತ್ತಿತ್ತು, ಹಿಂದೆ ಹಳದಿ ಫೋಮು ಪುಡಿಪುಡಿಯಾಗಿತ್ತು. ತೊಲೆ ತನ್ನ ಜಾಗದಲ್ಲಿರಲಿಲ್ಲ. ಟೋರ್ಕೆಲ್ ಎದುರು ಮೂಲೆಯಲ್ಲಿ ಕೂತಿದ್ದ, ತೊಲೆ ಅವನ ತೊಡೆಯ ಮೇಲೆ ಅಡ್ಡ ಬಿದ್ದಿತ್ತು, ಕೂಸನ್ನು ಮಲಗಿಸಿಕೊಂಡ ಹಾಗೆ. ಎದೆಯ ಗೂಡು ಒಳಗೆ ಹೋಗಿತ್ತು. ಟೋಪಿ ತಲೆಯ ಮೇಲೇ ಇತ್ತು. ಅವನು ಅಕ್ಕನನ್ನು ನೋಡಿ ಏನೋ ಹೇಳಲು ಬಾಯಿ ತೆರೆದ. ಬಾಯಲ್ಲಿ ಪ್ಯಾನ್‌ಕೇಕಿನ ಚೂರಿತ್ತು. ಮಾತು ಬರಲಿಲ್ಲ. ದೋಣಿ ಬರುವಷ್ಟರಲ್ಲಿ ಹೋದ.

ಡಾಗ್ನಿ ಗೋಡೆಯ ಹತ್ತಿರ ಹೋಗಿ ಫೋಮಿನ ಪುಡಿಯೊಳಗೆ ಕೈಯಿಟ್ಟು ಡಬ್ಬಿ ತೆಗೆದಳು. ಅದು ಒಂದು ಕಡೆಯೂ ನೆಗ್ಗಿರಲಿಲ್ಲ. ಅದನ್ನು ಬ್ರೋಮಾನ್ ಕೈಗೆ ಕೊಟ್ಟಳು.

"ವಾಲ್‌ಫ್ರಿಡ್" ಅಂದಳು. "ನಾವಿಟ್ಟದ್ದು. ನಿನ್ನೆಯೂ ಕೇಳಿಸಿತ್ತು, ಮೊನ್ನೆಯೂ ಕೇಳಿಸಿತ್ತು. ಗಟ್ಟಿಯಾಗಿದೆ ಅಂದದ್ದು ಸುಳ್ಳು."

ಬ್ರೋಮಾನ್ ಏನು ಮಾಡಬೇಕೆಂದು ತೋಚದೆ ಮುಚ್ಚಳ ತೆರೆದ. ಸ್ನೂಸ್ ಇನ್ನೂ ಒದ್ದೆಯ ಹಾಗೇ ಇತ್ತು. ಆ ಚಿಕ್ಕ ಕೋಣೆಯಲ್ಲಿ ವಾಸನೆ ಹರಡಿತು, ವಾಲ್‌ಫ್ರಿಡ್ ಆಗಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದಾನೆ ಅನ್ನುವಂತೆ.

ತನಿಖೆಯವರು ಬಂದರು. ಡಾಗ್ನಿ ಎಲ್ಲವನ್ನೂ ಹೇಳಿದಳು, ಯಾವುದನ್ನೂ ತಮ್ಮನ ಮೇಲೆ ಹಾಕಲಿಲ್ಲ. ಕೆಲಸದಿಂದ ತೆಗೆಯಿರಿ ಎಂದಳು, ತೆಗೆಯಲಿಲ್ಲ. ಎಚ್ಚರಿಕೆಯ ಒಂದು ಪತ್ರ ಕೊಟ್ಟು, ಎರಡು ಸಾವಿನ ಮನೆ ಎಂದು ದನಿ ತಗ್ಗಿಸಿ ಮಾತಾಡಿ ಹೋದರು. ವರದಿಯಲ್ಲಿ ವಾಲ್‌ಫ್ರಿಡ್ ಹೆಸರು ಬರಲಿಲ್ಲ. "ಅನ್ಯ ವಸ್ತು" ಎಂದು ಬರೆದಿದ್ದರು. ಕೊನೆಯ ಸಾಲು ಹೀಗಿತ್ತು: ಹಡಗಿನ ರಚನೆ ಪರೀಕ್ಷೆಯನ್ನು ತಾಳಿಕೊಂಡಿದೆ. ಅಷ್ಟು ದೊಡ್ಡ ಟೊಳ್ಳು, ಅದರ ಮೇಲೊಂದು ಊರೆ, ಆದರೂ ಹನಿ ನೀರು ನುಗ್ಗಿಲ್ಲವೆಂದರೆ ಇನ್ನೇನು ಬೇಕು ಎಂದು ನೌಕಾಪಡೆಯ ದೊಡ್ಡವರಿಗೆ ಅನ್ನಿಸಿತಂತೆ. ಉಳಿದ ಹಡಗುಗಳನ್ನು ನಮಗೇ ಕೊಟ್ಟರು. ಟೋರ್ಕೆಲ್ ಹೇಳಿದ್ದೂ ಅದನ್ನೇ.

ಬ್ರೋಮಾನ್ ಆಗಸ್ಟಿನಲ್ಲಿ ಒಂದು ಭಾನುವಾರ ಮಧ್ಯಾಹ್ನ ಮನೆಗೆ ಬಂದ. ಕೈಯಲ್ಲಿ ಹೂವಿತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡೇ ಕೂತ. ಡಾಗ್ನಿ ಕಾಫಿ ಬಗ್ಗಿಸಿದಳು, ದಾಲ್ಚಿನ್ನಿಯ ಬನ್ನು ಇಟ್ಟಳು. ಹವಾಮಾನದ ಮಾತು ಮುಗಿಯಿತು. ಪಕ್ಕದ ಮನೆಯವರ ದೋಣಿ ಮುಗಿಯಿತು.

"ಬ್ರೋಮಾನ್" ಅಂದಳು. "ಒಂದು ಕೇಳ್ತೀನಿ. ಊರೆ ಇಲ್ದೇ ಇದ್ದಿದ್ರೆ?"

ಅವನು ನನ್ನ ಕಡೆ ನೋಡಿದ. ನಾನು ಬನ್ನು ನೋಡಿದೆ.

"ಅದೆಲ್ಲ ಈಗ ಯಾಕೆ ಡಾಗ್ನಿ."

"ನಿನಗೆ ಗೊತ್ತು. ಲೆಕ್ಕ ಹಾಕಿರ್ತೀಯ. ಹೇಳು."

ಆ ಹೊತ್ತಿನಲ್ಲಿ ಪಾದ್ರಿಯಾದರೆ ಒಂದು ಸುಳ್ಳು ಹೇಳುತ್ತಿದ್ದ, ಡಾಕ್ಟರೂ ಹೇಳುತ್ತಿದ್ದ. ಬ್ರೋಮಾನ್‌ಗೆ ಲೆಕ್ಕ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ.

"ಗೋಡೆ ಬಾಗ್ತಿತ್ತು" ಅಂದ, ಮೊದಲ ಸಲ ಮೆಲ್ಲಗೆ. "ಒಳಪದರ ಇನ್ನಷ್ಟಗಲ ಬಿಟ್ಕೊಳ್ತಿತ್ತು. ಅಲ್ಲೇ ಜೋತು ಬೀಳ್ತಿತ್ತು. ವಾಪಸ್ ಬಂದು ಕೊಯ್ದು ತೇಪೆ ಹಾಕ್ತಿದ್ವಿ."

"ಟೋರ್ಕೆಲ್‌ಗೆ?"

"ಒಂದು ವಾರ ಕಿವಿ ಗುಂಯ್ ಅಂತಿತ್ತು."

ಡಾಗ್ನಿ ತಲೆಯಾಡಿಸಿದಳು.

"ಊರೆ ಬಿಗಿಯಾಗಿದ್ರಿಂದ ಗೋಡೆಗೆ ಬಾಗಕ್ಕಾಗ್ಲಿಲ್ಲ" ಎಂದ, ಒಮ್ಮೆ ಶುರು ಮಾಡಿದವನಿಗೆ ನಿಲ್ಲಿಸಲು ಬರಲಿಲ್ಲ. "ಏಟನ್ನ ತಾನು ಇಟ್ಕೊಳ್ದೆ ಮರಕ್ಕೆ ಕೊಡ್ತು. ಬೆಣೆ ಅಷ್ಟು ಹೊಡೆದಿರದಿದ್ರೆ ಬಹುಶಃ ಮೊದಲೇ ಕಳಚಿ ಬೀಳ್ತಿತ್ತು."

"ಊರೆ ಕೊಡು ಅಂದದ್ದು ನಾನು. ಬೆಣೆ ಇನ್ನೊಂದಿಷ್ಟು ಹೊಡಿ ಅಂದದ್ದೂ ನಾನೇ."

ಬ್ರೋಮಾನ್ ಹೂವನ್ನು ಮೇಜಿನ ಮೇಲಿಟ್ಟ. "ಕಾಫಿ ಇನ್ನೂ ಇದೆ" ಅಂದಳು ಡಾಗ್ನಿ, ಅವನ ಲೋಟ ತುಂಬಿದಳು. ಅವನು ಕುಡಿದ. ಬೇಡವೆನ್ನುವ ಧೈರ್ಯ ಅವನಿಗಿರಲಿಲ್ಲ.

ಸೆಪ್ಟೆಂಬರಿನಲ್ಲಿ ಎರಡನೆಯ ಹಡಗಿನ ಕೆಲಸ ಶುರುವಾಯಿತು. ಡಾಗ್ನಿ ತನ್ನ ಜಾಗಕ್ಕೆ ಬಂದಳು. ಒಂದು ಮಧ್ಯಾಹ್ನ ಶೆಡ್ಡಿನ ಮೂವರು ಹಿರಿಯರು, ಮುಖ ತೊಳೆದು ತಲೆ ಬಾಚಿಕೊಂಡು, ಅವಳ ಮುಂದೆ ಬಂದು ನಿಂತರು. ನಡುವಿನವನ ಕೈಯಲ್ಲಿ ಕೆಂಪು ಉಣ್ಣೆಯ ಟೋಪಿ ಇತ್ತು. ಆಸ್ಪತ್ರೆಯವರು ಕೊಟ್ಟ ಬಟ್ಟೆಗಂಟಿನಿಂದ ಅದನ್ನು ಅವರು ತೆಗೆದಿಟ್ಟುಕೊಂಡಿದ್ದರು.

"ನಮಗೆ ಗೊತ್ತು ಡಾಗ್ನಿ, ಈಗ ಇದು ಕಷ್ಟ" ಅಂದ ಅವನು. "ಆದ್ರೂ ಅವನು ಹಡಗಲ್ಲಿ ಹೋದೋನು. ಇಡದೇ ಇದ್ರೆ ಹೆಂಗೆ?"

ಅವಳು ಟೋಪಿಯನ್ನು ನೋಡಿದಳು.

"ಎಲ್ಲಾ ಯೋಚ್ನೆ ಮಾಡಿದ್ದೀವಿ" ಎಂದು ಪಕ್ಕದವನು ಆತುರದಿಂದ ಸೇರಿಸಿದ. "ಇದು ಉಣ್ಣೆ. ರಾಳ ಚೆನ್ನಾಗಿ ಕುಡಿಯುತ್ತೆ. ಚಪ್ಪಟೆಯಾಗಿ ಹಾಸಿದ್ರೆ ಗಾಜಿನ ಬಟ್ಟೆ ಹಾಗೇ ಗಟ್ಟಿಯಾಗುತ್ತೆ. ಟೊಳ್ಳಿರಲ್ಲ. ಒಂದು ತುಂಡು ಕತ್ತರಿಸಿ ಮಾಡಿ ನೋಡಿದ್ವಿ. ತಟ್ಟಿದ್ರೆ ಟಕ್ ಅನ್ನುತ್ತೆ."

ಟೋಪಿಯ ಅಂಚಿನಲ್ಲಿ ಕತ್ತರಿಸಿದ ಗುರುತಿತ್ತು. ಅವರು ತಪ್ಪಿನಿಂದ ಪಾಠ ಕಲಿತಿದ್ದರು, ಪ್ರಯೋಗ ಮಾಡಿ ಬಂದಿದ್ದರು. ಬ್ರೋಮಾನ್ ಕೂಡ ಇಷ್ಟು ಕ್ರಮವಾಗಿ ಕೆಲಸ ಮಾಡುತ್ತಿರಲಿಲ್ಲ.

ಡಾಗ್ನಿ ಟೋಪಿಯನ್ನು ಅವರ ಕೈಯಿಂದ ತೆಗೆದುಕೊಂಡಳು. ಒಳಗೆ ಒಮ್ಮೆ ನೋಡಿದಳು, ಆಮೇಲೆ ತನ್ನ ತಲೆಗೆ ಹಾಕಿಕೊಂಡಳು. ದೊಡ್ಡದಾಗಿ ಕಿವಿ ಮುಚ್ಚುವಷ್ಟು ಇಳಿಯಿತು. ಕಿವಿಯ ಮೇಲಿನದನ್ನು ಮಡಿಸಿ ಮೇಲೆತ್ತಿಕೊಂಡಳು.

"ಹಡಗಿಗೆ ಇನ್ನು ಯಾರನ್ನೂ ಕೊಡಲ್ಲ" ಅಂದಳು. "ಹೋಗಿ, ರಾಳ ಕಲಸಿದ್ದೀರಿ. ಗಟ್ಟಿಯಾಗುತ್ತೆ."

ಅವರು ಹೋದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಹೋಗುವ ಮುನ್ನ, ಕತ್ತರಿಸಿದ ಆ ಚೂರು ಎಲ್ಲಿ ಹೋಯಿತೆಂದು ಅವಳು ಕೇಳಿದ್ದಕ್ಕೆ ಮೂವರೂ ನೆಲ ನೋಡಿದ್ದರು. ಅಂದಿನಿಂದ ಡಾಗ್ನಿ ಕೆಲಸ ಮುಗಿದ ಮೇಲೆ ನೇರ ಮನೆಗೆ ಬರುತ್ತಿರಲಿಲ್ಲ. ಸುತ್ತಿಗೆ ಹಿಡಿದು ಹೊಸ ಹಡಗಿನ ಗೋಡೆ ತಟ್ಟುತ್ತಿದ್ದಳು, ಮೂತಿಯಿಂದ ಹಿಂಬದಿಯವರೆಗೆ, ಒಂದು ಗೇಣೂ ಬಿಡದೆ. ಎಲ್ಲ ಕಡೆ ಟಕ್ ಎನ್ನುತ್ತಿತ್ತು. ಟಕ್ ಎಂದ ಜಾಗವನ್ನೇ ಮತ್ತೆ ತಟ್ಟುತ್ತಿದ್ದಳು. ಆ ಹಡಗು ಹೋಯಿತು, ಮತ್ತೊಂದು ಬಂತು. ಆಗಲೂ ಹಾಗೆಯೇ.

ಟೋಪಿಯ ಮೇಲೆ ರಾಳ ಬಿದ್ದು ಬಿದ್ದು, ಗಾಜಿನ ನಾರಿನ ಧೂಳು ಕೂತು ಕೂತು, ಎರಡನೆಯ ಚಳಿಗಾಲದ ಹೊತ್ತಿಗೆ ಅದು ಬಾಗದಂತಾಯಿತು. ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲಿಟ್ಟರೆ ಮುದುಡುತ್ತಿರಲಿಲ್ಲ, ಒಳಗೆ ಇನ್ನೂ ತಲೆ ಇರುವ ಹಾಗೆ ದುಂಡಗೆ ನಿಲ್ಲುತ್ತಿತ್ತು. ಒಮ್ಮೆ ಕಾಫಿಗೆಂದು ನಾನು ಕೆಳಗಿಳಿದು ಬಂದಾಗ ಡಾಗ್ನಿ ಅದರ ಎದುರು ಕೂತಿದ್ದಳು. ಬೆರಳಿನ ಗೆಣ್ಣಿನಿಂದ ಅದನ್ನು ಮೆಲ್ಲಗೆ ತಟ್ಟುತ್ತಿದ್ದಳು, ತಲೆ ವಾಲಿಸಿ ಕೇಳುತ್ತ. ನನ್ನನ್ನು ಕಂಡು ನಿಲ್ಲಿಸಲಿಲ್ಲ.